ಫಾದರ್‌ಗಳಿಗೆ ಮದುವೆ: ಎಲ್ಲಿ ಯಾವುದು ಹೊಂದುತ್ತದೆ?

ಕ್ಯಾಥೋಲಿಕ್ ಚರ್ಚ್‌ನ ಗುರುಗಳು, ಅಂದರೆ ಫಾದರ್‌ಗಳು, ಮದುವೆಯಾಗಬೇಕಾ, ಈಗಿನಂತೆ ಬ್ರಹ್ಮಚಾರಿಗಳಾಗಿಯೇ ಇರಬೇಕಾ ಎಂದು ಕೇಳಿದ್ದೀರಿ. ನಮ್ಮ ಕೊಡಗನ್ನೇ ಮುಂದಿಟ್ಟುಕೊಂಡು ನೋಡೋಣ.

ಖರ್ಚು ನೋಡಿದರೆ ಒಂಟಿ ಗುರುಗಳೇ ಸುಲಭ. ಸಂಸಾರ ಬಂದರೆ ಮನೆ, ಮಕ್ಕಳ ಫೀಸು, ಆಸ್ಪತ್ರೆ ಎಲ್ಲ ಸೇರುತ್ತದೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್‌ನಂಥ ಹಳೆಯ, ದೊಡ್ಡ ಕಡೆ ಹೇಗೋ ನಡೆಯಬಹುದು. ಕಾಫಿ ತೋಟದ ಲೈನ್‌ಮನೆಯವರೇ (ಸಾಲುಮನೆಗಳ ಕೂಲಿಕಾರರು) ಜಾಸ್ತಿ ಇರುವ ಸಣ್ಣ ಚರ್ಚ್‌ಗೆ ಅದು ಹೊರೆ. ವರ್ಗಾವಣೆಗೂ ಒಂಟಿಯವರೇ ಅನುಕೂಲ.

ಆದರೆ ಮನೆಯ ಕಷ್ಟ ಹೇಳಿಕೊಳ್ಳುವ ವಿಚಾರದಲ್ಲಿ ನನ್ನ ಮನಸ್ಸು ಸಂಸಾರಸ್ಥರ ಕಡೆ ವಾಲುತ್ತದೆ. ಗಂಡನ ಕುಡಿತ, ಮಕ್ಕಳ ಚಿಂತೆ ಅವರಿಗೆ ಬೇಗ ಅರ್ಥವಾಗುತ್ತದೆ. ಪ್ರೊಟೆಸ್ಟೆಂಟ್ ಸಭೆಯಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪಾಸ್ಟರ್‌ಗಳಿಗೆ ಸಂಸಾರ ಇದ್ದೇ ಇದೆ, ಅಲ್ವಾ? ಜೊತೆಗೆ, ಜಡಿಮಳೆಯ ತಿಂಗಳುಗಳಲ್ಲಿ ಗುರುಗಳು ಅನುಭವಿಸುವ ಒಂಟಿತನವನ್ನು ನಾವು ಕೇಳುವುದೇ ಇಲ್ಲ. ಅದು ನನಗೆ ನೋವಿನ ವಿಷಯ.

ನಡುವಿನ ದಾರಿಯೂ ಇದೆ. ಪೋಪ್‌ರನ್ನು ಒಪ್ಪಿಕೊಂಡೇ ತಮ್ಮದೇ ಪದ್ಧತಿ ಉಳಿಸಿಕೊಂಡ ಹಲವು ಪೂರ್ವ ಕ್ಯಾಥೋಲಿಕ್ ಸಭೆಗಳಲ್ಲಿ ಮದುವೆಯಾದವರಿಗೆ ಗುರುದೀಕ್ಷೆ ಸಿಗುತ್ತದೆ. ದೀಕ್ಷೆಯಾದ ಮೇಲೆ ಮಾತ್ರ ಮದುವೆ ಇಲ್ಲ. ಲ್ಯಾಟಿನ್ ಸಭೆಯಲ್ಲಿ, ಅಂದರೆ ರೋಮನ್ ಪದ್ಧತಿಯ ಕ್ಯಾಥೋಲಿಕರಲ್ಲಿ, 1139ರ ಲ್ಯಾಟರನ್ ಮಹಾಸಭೆ (ರೋಮಿನಲ್ಲಿ ಸೇರಿದ ಬಿಷಪ್‌ಗಳ ಸಭೆ) ಗುರುಗಳ ಮದುವೆ ಊರ್ಜಿತವಲ್ಲ ಎಂದಿತು. ಆದರೂ ಬ್ರಹ್ಮಚರ್ಯ ಶಿಸ್ತಿನ ನಿಯಮವಷ್ಟೇ, ಪೋಪ್ ಬದಲಿಸಬಹುದು.

ಭಾನುವಾರದ ಪೂಜೆಗೂ ಗುರುಗಳು ಸಿಗದ ಊರಿಗೆ, ಅಲ್ಲೇ ಬದುಕುವ ಸಂಸಾರಸ್ಥರೊಬ್ಬರು ಒಳ್ಳೆಯದು. ಕರೆದಲ್ಲಿಗೆ ಹೋಗಬೇಕಾದ ಮಿಷನ್ ಕೆಲಸಕ್ಕೆ ಬ್ರಹ್ಮಚಾರಿಗಳೇ ಸರಿ.