ಬುಲೆಟ್ ರೈಲಾ, ಇರುವ ಹಳಿಯ ಸುಧಾರಣೆಯಾ?

ತೆರಿಗೆ ಹಣ ಯಾವುದಕ್ಕೆ ಹೋಗಬೇಕು ಅನ್ನುವ ಈ ವಾದದಲ್ಲಿ ಯಾವ ಕಡೆ ನಿಲ್ಲಬೇಕು ಎಂದು ಯೋಚಿಸುತ್ತಿದ್ದೀರಾ? ಮುಂಬೈ–ಅಹಮದಾಬಾದ್ ಮಾರ್ಗವನ್ನೇ ನೋಡಿ.

ಬುಲೆಟ್ ರೈಲಿನ ದಾರಿ 508 ಕಿ.ಮೀ., ವೇಗ ಗಂಟೆಗೆ 320 ಕಿ.ಮೀ. ಕಡಿಮೆ ಕಡೆ ನಿಂತರೆ ಸುಮಾರು ಎರಡು ಗಂಟೆಯ ಪ್ರಯಾಣ. ವಂದೇ ಭಾರತ್‌ಗೆ ಐದು ಗಂಟೆಗೂ ಜಾಸ್ತಿ ಬೇಕು. ವೇಗದಲ್ಲಿ ಬುಲೆಟ್ಟೇ ಮುಂದೆ, ಅನುಮಾನವಿಲ್ಲ.

ಹಣದ ಲೆಕ್ಕ ಬೇರೆ. ಮೊದಲ ಅಂದಾಜೇ 1.08 ಲಕ್ಷ ಕೋಟಿ ರೂಪಾಯಿ. ಕಿ.ಮೀ.ಗೆ 200 ಕೋಟಿ ದಾಟಿತು! ಶೇ. 81ರಷ್ಟು ಜಪಾನಿನ ಸಾಲ, ಬಡ್ಡಿ ಶೇ. 0.1, ತೀರಿಸಲು 50 ವರ್ಷ. ಬಡ್ಡಿ ಅಗ್ಗ ನಿಜ, ಆದರೆ ಸಾಲ ಯೆನ್‌ನಲ್ಲಿದೆ. ಯೆನ್ ಎದುರು ರೂಪಾಯಿ ಬಿದ್ದರೆ ಹೊರೆ ಏರುತ್ತದೆ, ಅಲ್ವಾ?

ನನಗೆ ಹೆಚ್ಚು ಕಾಡುವುದು ಹಳಿಯ ಅಗಲ. ಬುಲೆಟ್‌ಗೆ 1,435 ಮಿ.ಮೀ., ನಮ್ಮ ಬ್ರಾಡ್‌ಗೇಜ್‌ಗೆ 1,676. ಅಂದರೆ ಸಾಮಾನ್ಯ ರೈಲು ಆ ಹೊಸ ಹಳಿಯ ಮೇಲೆ ಓಡುವಂತೆಯೇ ಇಲ್ಲ. ಹಳೇ ಮಾರ್ಗ ಬಲಪಡಿಸಿ, ರೈಲುಗಳು ಡಿಕ್ಕಿಯಾಗದಂತೆ ತಾನಾಗಿಯೇ ಬ್ರೇಕ್ ಹಾಕುವ ‘ಕವಚ್’ ಸುರಕ್ಷತಾ ವ್ಯವಸ್ಥೆ ಅಳವಡಿಸಿದರೆ ಪ್ಯಾಸೆಂಜರ್, ಎಕ್ಸ್‌ಪ್ರೆಸ್, ಗೂಡ್ಸ್ ಎಲ್ಲಕ್ಕೂ ಲಾಭ. ಆದರೆ ಅಲ್ಲೂ ತಿರುವು, ದಟ್ಟಣೆ ಇರುವ ತನಕ ವೇಗಕ್ಕೆ ಮಿತಿ ಇದ್ದೇ ಇರುತ್ತದೆ.

ನಮ್ಮ ಬೆಂಗಳೂರಿನ ಉಪನಗರ ರೈಲನ್ನೂ ಪಕ್ಕಕ್ಕಿಡಿ: 148 ಕಿ.ಮೀ., ಅಂದಾಜು 15,767 ಕೋಟಿ. ಕಿ.ಮೀ. ಲೆಕ್ಕದಲ್ಲಿ ಬುಲೆಟ್‌ನ ಅರ್ಧ, ಅದೂ ದಿನಾ ಕೆಲಸಕ್ಕೆ ಹೋಗುವವರಿಗೆ.

ವಿಮಾನ ಬಿಟ್ಟು ರೈಲು ಹತ್ತುವವರು ಜಾಸ್ತಿ ಇರುವ ಕಡೆ ಬುಲೆಟ್ ಸರಿ. ಶುರುವಾದದ್ದು ಮುಗಿಯಲಿ. ಎರಡನೇ ಬುಲೆಟ್ ಮಾರ್ಗಕ್ಕೆ ಮೊದಲು ಹಣ ಉಪನಗರ ರೈಲಿಗೆ, ಕವಚ್‌ಗೆ ಹೋಗಬೇಕು.