ನಮ್ಮ ಮೆಂಬರಮ್ಮ: ಏಳು ವರ್ಷ ಬಳಸಿದ ಮೇಲೆ

ನಮ್ಮ ವಾರ್ಡಿನ ನಗರಸಭೆ ಸದಸ್ಯೆಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ನಾನು ಹಿಟ್ಟಿನ ಗಿರಣಿ ನಡೆಸುವವಳು, ತೂಕದಲ್ಲಿ ಕೈ ಬಿಗಿ ಎಂದು ಬೀದಿಯಲ್ಲಿ ಹೆಸರಿದೆ, ಹಾಗಾಗಿ ನಾಲ್ಕು ಎಂದರೆ ನಾಲ್ಕೇ. ಊರಿನ ಹೆಸರು ಬೇಡ. ಹಳೇ ಮೈಸೂರು ಸೀಮೆಯ ಒಂದು ನಗರಸಭೆ ಎಂದುಕೊಳ್ಳಿ. ಮೊನ್ನೆ ನನ್ನ ಮಗ ಮೂರು ಸಾವಿರದ ಮಿಕ್ಸಿ ಕೊಳ್ಳಲು ಎರಡು ರಾತ್ರಿ ಮೊಬೈಲಿನಲ್ಲಿ ಕಂಡವರ ಅಭಿಪ್ರಾಯವನ್ನೆಲ್ಲ ಓದಿದ. ಮುಂದಿನ ನಗರಸಭೆ ಚುನಾವಣೆಗೆ ಯಾರನ್ನು ನೋಡಿಕೊಂಡಿದ್ದೀಯ ಎಂದು ಕೇಳಿದರೆ, "ಆಗ ನೋಡೋಣ ಬಿಡಮ್ಮ" ಎಂದ. ಅವನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಳೆಯ ಮಾಲಿನ ವಿಷಯ. 2013ರಲ್ಲಿ ನಾವು ಗೆಲ್ಲಿಸಿದವರು ಬಹಳ ಒಳ್ಳೆಯ ಮನುಷ್ಯ. ವಾರ್ಡಿನಲ್ಲಿ ಯಾರ ಮನೆಯ ಮದುವೆ ಇದ್ದರೂ ಮುಹೂರ್ತಕ್ಕೆ ಸರಿಯಾಗಿ ಬಂದು ಸಾವಿರದ ಒಂದು ರೂಪಾಯಿ ಮುಯ್ಯಿ ಮಾಡುತ್ತಿದ್ದರು. ಸಾವಿಗೂ ಅಷ್ಟೇ, ಹೆಣ ಎತ್ತುವ ಮುಂಚೆ ಹಾರದೊಂದಿಗೆ ಹಾಜರು. ಏನು ಕೇಳಿದರೂ "ಆಗುತ್ತದೆ" ಎನ್ನುತ್ತಿದ್ದರು. ನನ್ನ ಗಿರಣಿಯ ಮುಂದಿನ ಚರಂಡಿ ಅವರ ಬಾಯಲ್ಲಿ ಐದು ವರ್ಷ "ಆಗುತ್ತದೆ" ಎಂದೇ ಇತ್ತು. ಮಳೆಗಾಲದಲ್ಲಿ ರಾಗಿ ಚೀಲ ತರುವವರು ನೀರು ದಾಟಲು ನಾನು ಹಾಕಿದ ಕಲ್ಲುಚಪ್ಪಡಿಗೆ ಜನ ಅವರ ಹೆಸರನ್ನೇ ಇಟ್ಟಿದ್ದರು. ಕೊನೆಯಲ್ಲಿ ಮನೆಗೊಂದು ಕುಕ್ಕರ್ ಹಂಚಿದರು. ಬರೆಯಲು ಕೂತ ಮೇಲೆ ಸುಳ್ಳು ಹೇಳಬಾರದು: ನಾನೂ ತೆಗೆದುಕೊಂಡೆ. ಈಗಲೂ ಅದರಲ್ಲೇ ಬೇಳೆ ಬೇಯುತ್ತದೆ, ಗ್ಯಾಸ್ಕೆಟ್ ಮೂರು ಸಲ ಬದಲಾಯಿಸಿದ್ದೇನೆ. ಕುಕ್ಕರಿಗೆ ಮೂರೂವರೆ ನಕ್ಷತ್ರ, ಕೊಟ್ಟವರಿಗೆ ಒಂದೂವರೆ.

2018ರಲ್ಲಿ ವಾರ್ಡು ಮಹಿಳೆಗೆ ಮೀಸಲಾಯಿತು. ನಿಂತದ್ದು ಸಣ್ಣಪುಟ್ಟ ಗುತ್ತಿಗೆ ಮಾಡುವವರೊಬ್ಬರ ಹೆಂಡತಿ. ಫ್ಲೆಕ್ಸಿನಲ್ಲಿ ಗಂಡನ ಮುಖ ಹಲಗೆಯಗಲ, ಆಕೆಯದು ಅಂಚೆಚೀಟಿಯಷ್ಟು. ಮನೆಮನೆಗೆ ಬಂದಾಗಲೂ ಮಾತೆಲ್ಲ ಗಂಡನದು, ಆಕೆ ಕೈಮುಗಿದು ಹಿಂದೆ ನಿಂತಿದ್ದರು. ಸೆಪ್ಟೆಂಬರ್ 3ರಂದು ಫಲಿತಾಂಶ ಬಂದಾಗ ಹಾರ ಬಿದ್ದದ್ದು ಗಂಡನ ಕೊರಳಿಗೆ. ಹೋದ ಸಲ "ಆಗುತ್ತದೆ", ಈ ಸಲ "ಯಜಮಾನರನ್ನು ಕೇಳಿ" ಎಂದು ನಾವು ಗಿರಣಿಯಲ್ಲಿ ನಕ್ಕೆವು.

ಆಮೇಲೆ ನಡೆದದ್ದು ಯಾರೂ ಎಣಿಸದ್ದು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ತಕರಾರು ಹೈಕೋರ್ಟು ಹತ್ತಿತು. ಪಟ್ಟಿ ಇತ್ಯರ್ಥವಾಗದೆ ಅಧ್ಯಕ್ಷರ ಆಯ್ಕೆ ಇಲ್ಲ, ಅದಿಲ್ಲದೆ ಮೊದಲ ಸಭೆ ಇಲ್ಲ, ಸಭೆ ಇಲ್ಲದೆ ಸದಸ್ಯರಿಗೆ ಪ್ರಮಾಣವಚನವೂ ಇಲ್ಲ. ನಮ್ಮಲ್ಲಷ್ಟೇ ಅಲ್ಲ, ಆ ಸಲ ಚುನಾವಣೆ ನಡೆದ ರಾಜ್ಯದ ಎಷ್ಟೋ ನಗರಸಭೆ, ಪುರಸಭೆಗಳಲ್ಲಿ ಇದೇ ಕಥೆ. ಗೆದ್ದವರು ಎರಡು ವರ್ಷ, 2020ರ ಕೊನೆಯವರೆಗೆ, ಗೆದ್ದೂ ಮೆಂಬರುಗಳಲ್ಲ. ಮದುವೆಯಾಗಿದೆ, ಗಂಡನ ಮನೆಗೆ ಕಳಿಸಿಲ್ಲ ಎಂಬಂತೆ.

ಇದರಿಂದ ನಮ್ಮ ವಾರ್ಡಿಗೆ ಆದ ಲಾಭವನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಕಾಮಗಾರಿ ಇಲ್ಲ, ಬಿಲ್ಲಿಲ್ಲ, ಸಹಿ ಇಲ್ಲ. ನಾಲ್ಕು ತಿಂಗಳು ಕಾದ ಗಂಡನಿಗೆ ಬೇಸರ ಬಂದು ತನ್ನ ಗುತ್ತಿಗೆ ಕೆಲಸಕ್ಕೆ ಬೇರೆ ತಾಲ್ಲೂಕಿಗೆ ಹೊರಟುಹೋದರು. ಜನ ಮಾತ್ರ ಮನೆ ಬಾಗಿಲಿಗೆ ಬರುವುದನ್ನು ಬಿಡಲಿಲ್ಲ. ನಲ್ಲಿ ಬಂದಿಲ್ಲ, ಕಸದ ಗಾಡಿ ಬಂದಿಲ್ಲ, ವಿಧವಾ ವೇತನ ನಿಂತಿದೆ. ಬಾಗಿಲು ತೆರೆಯಲು ಇದ್ದವರು ಆಕೆ ಒಬ್ಬರೇ. ಅಧಿಕಾರ ಇಲ್ಲದ್ದರಿಂದ ಕಚೇರಿಯಲ್ಲಿ ಯಾರಿಗೂ ಗದರಿಸುವಂತಿರಲಿಲ್ಲ. ಯಾವ ಕೆಲಸ ಯಾವ ಮೇಜಿನದು ಎಂದು ಕೇಳಿ ಕಲಿಯಬೇಕಾಯಿತು. ವಾಲ್ವ್ ತಿರುಗಿಸುವವರ ಹಿಂದೆ ಬೆಳಗಿನ ಐದು ಗಂಟೆಗೆ ನಡೆದು, ಯಾವ ಅಡ್ಡರಸ್ತೆಗೆ ಎಷ್ಟು ಹೊತ್ತು ನೀರು ಬಿಡುತ್ತಾರೆ ಎಂದು ನೂರು ಪುಟದ ನೋಟುಪುಸ್ತಕದಲ್ಲಿ ಬರೆದುಕೊಂಡರು. ಆ ಪುಸ್ತಕವನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಬೀದಿಗೆ ನಲವತ್ತು ನಿಮಿಷ, ಹಿಂದಿನ ಬೀದಿಗೆ ಒಂದೂವರೆ ಗಂಟೆ. ಹಿಂದಿನ ಬೀದಿಯಲ್ಲಿ ಯಾರ ಮನೆ ಇತ್ತು ಎಂದು ನಾನು ಬರೆಯುವುದಿಲ್ಲ, ಊರಿನವರಿಗೆ ಗೊತ್ತು.

2020ರ ಲಾಕ್‌ಡೌನ್ ಬಂದಾಗಲೂ ಆಕೆ ಪ್ರಮಾಣವಚನ ಸ್ವೀಕರಿಸದ ಮೆಂಬರೇ. ಗಿರಣಿಗೆ ತೆರೆಯಲು ಅನುಮತಿ ಇತ್ತು. ಒಂದು ಬೆಳಗ್ಗೆ ಬಂದು, ಮುಖಕ್ಕೆ ಸೆರಗು ಕಟ್ಟಿಕೊಂಡು, ತಕ್ಕಡಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. "ಅಕ್ಕ, ಯಾರ ಮನೆಯಿಂದ ಹಿಟ್ಟು ಬೀಸಿಸಲು ಬರುತ್ತಿಲ್ಲ ಹೇಳಿ" ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಪಡಿತರ ಚೀಟಿ ಇದ್ದವರ ಪಟ್ಟಿ ಕಚೇರಿಯಲ್ಲಿತ್ತು. ಚೀಟಿ ಇಲ್ಲದವರು, ಬಾಡಿಗೆಗೆ ಬಂದು ಸಿಕ್ಕಿಹಾಕಿಕೊಂಡವರು ಯಾವ ಪಟ್ಟಿಯಲ್ಲೂ ಇರಲಿಲ್ಲ. ವಾರಕ್ಕೆ ಎರಡು ಸೇರು ತರುತ್ತಿದ್ದವರು ಬರುವುದನ್ನು ನಿಲ್ಲಿಸಿದರೆ ಅದು ಗೊತ್ತಾಗುವುದು ಗಿರಣಿಯವಳಿಗೆ. ಹದಿನೇಳು ಮನೆ ಹೇಳಿದೆ. ಅದರಲ್ಲಿ ಹದಿನಾಲ್ಕು ಮನೆಯಲ್ಲಿ ನಿಜಕ್ಕೂ ಒಲೆ ಹಚ್ಚುವುದು ಕಷ್ಟವಾಗಿತ್ತು. ಮೂರು ಮನೆಯವರು ಸುಮ್ಮನೆ ಊರಿಗೆ ಹೋಗಿದ್ದರು. ನಾನು ಮನಸ್ಸಿನಲ್ಲೇ ಆಕೆಗೆ ಮೂರನೆಯ ನಕ್ಷತ್ರ ಕೊಟ್ಟದ್ದು ಆ ದಿನ.

ಮೊದಲ ಸಭೆಯಾಗಿ ಕುರ್ಚಿ ಸಿಕ್ಕಿದ ಮೇಲೆ ನಾನು ಚರಂಡಿಯ ಅರ್ಜಿ ಹಿಡಿದು ಹೋದೆ. ಓದಿ, "ಈ ವರ್ಷ ಆಗುವುದಿಲ್ಲ ಅಕ್ಕ" ಎಂದರು. ಐದು ವರ್ಷ "ಆಗುತ್ತದೆ" ಕೇಳಿದ ಕಿವಿಗೆ ಅದು ಕಪಾಳಕ್ಕೆ ಹೊಡೆದ ಹಾಗಿತ್ತು. ಆದರೆ ಕೂರಿಸಿ ಕಾರಣ ಹೇಳಿದರು. ದುಡ್ಡಿಗೆಲ್ಲ ಬೇರೆ ಬೇರೆ ಹೆಸರಿದೆಯಂತೆ. ಕೇಂದ್ರದ ಹಣಕಾಸು ಆಯೋಗದ ಅನುದಾನ ಒಂದು, ರಾಜ್ಯ ಹಣಕಾಸು ಆಯೋಗದ್ದು, ಅಂದರೆ ಎಸ್‌ಎಫ್‌ಸಿ, ಇನ್ನೊಂದು, ನಮ್ಮ ಕಂದಾಯದಿಂದ ಬರುವ ನಗರಸಭೆ ನಿಧಿ ಮತ್ತೊಂದು. ಅದರಲ್ಲೂ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ ಎಂದು ಎತ್ತಿಡಬೇಕು, ಅದನ್ನು ಚರಂಡಿಗೆ ಸುರಿಯುವಂತಿಲ್ಲ. ಆ ವರ್ಷದ ಕ್ರಿಯಾಯೋಜನೆ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ, ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಒಪ್ಪಿಗೆಯಾಗಿತ್ತು. ಮುಂದಿನ ವರ್ಷದ್ದಕ್ಕೆ ಅಂದಾಜುಪಟ್ಟಿ ಬೇಕು, ಎಂಜಿನಿಯರು ಬಂದು ಅಳೆಯಬೇಕು. "ಅವರು ಅಳೆಯುವ ದಿನ ನೀವು ಇಲ್ಲೇ ಇರಿ, ಟೇಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ" ಎಂದರು. ಇದ್ದೆ. ಮೂಲೆಯ ಅಂಗಡಿಯ ಹತ್ತಿರವೇ ಟೇಪು ಸುತ್ತಿಬಿಡುತ್ತಿದ್ದರು. ನಾನು ಬಾಯಿ ಮಾಡಿದ್ದರಿಂದ ಇನ್ನೂ ಹನ್ನೊಂದು ಮೀಟರು ಸೇರಿತು. ಹದಿನಾಲ್ಕು ತಿಂಗಳ ನಂತರ ಕೆಲಸವಾಯಿತು. ತಡವಾದದ್ದು ನಿಜ, ಆದರೆ ಹೇಳಿದ ತಿಂಗಳಿಗಿಂತ ತಡವಾಗಲಿಲ್ಲ. ಕಲ್ಲುಚಪ್ಪಡಿ ಈಗ ಬಟ್ಟೆ ಒಗೆಯಲು ಬಳಕೆಯಾಗುತ್ತಿದೆ, ಹೆಸರು ಮಾತ್ರ ಹಾಗೇ ಉಳಿದಿದೆ.

ಇನ್ನು ಮೋಟಾರಿನ ಸಂಗತಿ. ಒಂದು ಸಂಜೆ ಫೋನು ಮಾಡಿ, "ಅಕ್ಕ, ಹತ್ತು ಎಚ್‌ಪಿ ಮೋಟಾರು ಸುಟ್ಟರೆ ರೀವೈಂಡಿಂಗಿಗೆ ಎಷ್ಟಾಗುತ್ತದೆ?" ಎಂದರು. ರೀವೈಂಡಿಂಗ್ ಎಂದರೆ ಸುಟ್ಟ ತಾಮ್ರದ ತಂತಿ ತೆಗೆದು ಹೊಸದು ಸುತ್ತುವುದು. ನನ್ನ ಗಿರಣಿಯದು ಹತ್ತು ಎಚ್‌ಪಿ, ಹಿಂದಿನ ಯುಗಾದಿಗೆ ಸುಟ್ಟಾಗ ಏಳು ಸಾವಿರ ಕೊಟ್ಟಿದ್ದೆ. ಆದರೆ ಅವರು ಕೇಳುತ್ತಿದ್ದದ್ದು ಕೊಳವೆಬಾವಿಯ ಮೋಟಾರಿನ ಬಗ್ಗೆ. ಅದು ನೀರಿನೊಳಗೆ ಕೂರುವಂಥದ್ದು, ಎತ್ತಿ ಇಳಿಸುವ ಕೂಲಿಯೇ ಬೇರೆ, ನನ್ನ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ ಎಂದು ಹೇಳಿ, ನನಗೆ ಕೆಲಸ ಮಾಡಿಕೊಡುವ ಮೇಸ್ತ್ರಿಯ ಬಳಿಗೆ ಕಳಿಸಿದೆ. ಮುಂದಿನ ಸಾಮಾನ್ಯ ಸಭೆಗೆ ನಾವು ನಾಲ್ಕು ಹೆಂಗಸರು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಸಭೆ ಎಂದರೆ ಏನೋ ಅಂದುಕೊಂಡಿದ್ದೆ. ಬೋಂಡ, ಕಾಫಿ, ನಡಾವಳಿ ಪುಸ್ತಕಕ್ಕೆ ಸಹಿ. ಓದುವವರು ಓದುತ್ತಿದ್ದರು, ಉಳಿದವರು "ಪಾಸ್, ಪಾಸ್" ಎನ್ನುತ್ತಿದ್ದರು. ಕೊಳವೆಬಾವಿ ದುರಸ್ತಿ ಬಿಲ್ಲಿನ ವಿಷಯ ಬಂದಾಗ ನಮ್ಮ ಮೆಂಬರಮ್ಮ ಎದ್ದು ನಿಂತರು. ಧ್ವನಿ ಏರಿಸಲಿಲ್ಲ. "ಇದೇ ಮೋಟಾರಿಗೆ ನಾಲ್ಕು ತಿಂಗಳಲ್ಲಿ ಮೂರು ಸಲ ರೀವೈಂಡಿಂಗ್ ಆಗಿದೆ. ಮೂರು ಸಲದ ದುಡ್ಡಿನಲ್ಲಿ ಹೊಸದೇ ಬರುತ್ತಿತ್ತು. ಹಳೆಯ ತಾಮ್ರದ ತಂತಿ ಎಲ್ಲಿದೆ?" ಎಂದು ಕೇಳಿದರು. ತಾಮ್ರದ ತಂತಿಯ ಪ್ರಶ್ನೆ ಮೇಸ್ತ್ರಿಯದು, ನನಗೆ ಗೊತ್ತು. ಸಭೆ ಒಂದು ಗಳಿಗೆ ಸುಮ್ಮನಾಯಿತು, ಯಾರೋ ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಬಿಲ್ಲು ಅವತ್ತು ಪಾಸಾಗಲಿಲ್ಲ. ಮುಂದಿನ ತಿಂಗಳು ಪಾಸಾಯಿತೋ ಏನೋ, ನಾನು ಹೋಗಲಿಲ್ಲ, ಮದುವೆಯ ಕಾಲ, ಗಿರಣಿಯಲ್ಲಿ ಅಕ್ಕಿಹಿಟ್ಟಿನ ರಾಶಿ. ಆದರೆ ಆ ಮೋಟಾರು ಮತ್ತೆ ಸುಟ್ಟ ಸುದ್ದಿ ಬರಲಿಲ್ಲ.

ಸಣ್ಣ ಗುಣಗಳು ಇನ್ನೂ ಇವೆ. ಬೀದಿದೀಪ ಕೆಟ್ಟಿದೆ ಎಂದರೆ ಮೊದಲು ಕೇಳುವುದು ಕಂಬದ ಸಂಖ್ಯೆ. ಕಂಬ, ತಂತಿ ವಿದ್ಯುತ್ ಕಂಪನಿ ಚೆಸ್ಕಾಂನದು, ಬಲ್ಬು ನಗರಸಭೆಯದು ಎಂಬುದನ್ನು ಈಗ ನಮ್ಮ ಬೀದಿಯ ಮಕ್ಕಳೂ ಬಲ್ಲರು. ಏಪ್ರಿಲ್ ಒಳಗೆ ಮನೆಕಂದಾಯ ಕಟ್ಟಿದರೆ ಶೇ 5 ರಿಯಾಯಿತಿ ಎಂದು ಮಾರ್ಚಿನಲ್ಲೇ ನೆನಪಿಸುತ್ತಾರೆ. ಇ-ಖಾತೆಯ ಗಲಾಟೆ ಶುರುವಾದಾಗ ದಲ್ಲಾಳಿಗಳು ಮನೆಗೊಬ್ಬರಂತೆ ಹುಟ್ಟಿಕೊಂಡಿದ್ದರು. ಬೇಕಾದ ಕಾಗದಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ನನ್ನ ಗಿರಣಿಯ ಗೋಡೆಗೆ ಅಂಟಿಸಿಹೋದರು. ಹಿಟ್ಟಿನ ದೂಳು ಕೂತು ಈಗ ಅರ್ಧ ಅಕ್ಷರ ಕಾಣುವುದಿಲ್ಲ. ನನ್ನ ಉದ್ದಿಮೆ ಪರವಾನಗಿ ನವೀಕರಿಸಿಕೊಡಿ ಎಂದಾಗ ಮಾತ್ರ, "ನೀವೇ ಹೋಗಿ ಶುಲ್ಕ ಕಟ್ಟಿ ರಸೀದಿ ತೆಗೆದುಕೊಳ್ಳಿ, ನಾನು ಬಂದರೆ ಅವರು ಕುರ್ಚಿ ಹಾಕುತ್ತಾರೆ, ಕೆಲಸ ನಾಳೆಗೆ ಹಾಕುತ್ತಾರೆ" ಎಂದರು. ಆಗ ಸಿಟ್ಟು ಬಂದಿತ್ತು.

ಬೆಂಗಳೂರಿನಲ್ಲಿ ನನ್ನ ತಂಗಿ ಇದ್ದಾಳೆ. ಅಲ್ಲಿನ 198 ಕಾರ್ಪೊರೇಟರುಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅದಾದ ಮೇಲೆ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಒಂದು ಪಾಲಿಕೆ ಐದಾಯಿತು, ವಾರ್ಡುಗಳ ಹೆಸರೂ ಗಡಿಯೂ ಬದಲಾದವು. ನಿಮ್ಮ ಮೆಂಬರು ಯಾರೇ ಎಂದು ಕೇಳಿದರೆ ಅಪಾರ್ಟ್‌ಮೆಂಟಿನ ಕಾವಲುಗಾರನ ಹೆಸರು ಹೇಳುತ್ತಾಳೆ. ಮೈಸೂರಿನಲ್ಲೂ 2023ರ ನವೆಂಬರಿಗೆ 65 ಮಂದಿಯ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದಲ್ಲೇ ಬರೆದಿದೆ, 1993ರಿಂದ. ಗಿರಣಿಯಲ್ಲಿ ಕೂತವಳಿಗೆ ಪತ್ರಿಕೆ ಓದಲು ಸಮಯ ಸಿಗುತ್ತದೆ, ಅದಕ್ಕೇ ಇವೆಲ್ಲ ಗೊತ್ತು.

ಇನ್ನು ಕಡಿದ ನಕ್ಷತ್ರ. ಮೊದಲ ಮೂವತ್ತು ತಿಂಗಳ ಅಧ್ಯಕ್ಷಾವಧಿ ಮುಗಿದ ಮೇಲೆ ಮತ್ತೆ ಮೀಸಲಾತಿ ಪಟ್ಟಿಗೆ ಕಾಯುವ ಆಟ. 2024ರ ಆಗಸ್ಟಿನಲ್ಲಿ ಪಟ್ಟಿ ಬಂತು, ಬಂದದ್ದೇ ತಡ, ಅಧ್ಯಕ್ಷರ ಆಯ್ಕೆಯ ಓಟು ಕೈತಪ್ಪಬಾರದೆಂದು ಮೆಂಬರುಗಳೆಲ್ಲ ಬಸ್ ಹತ್ತಿ ಮಾಯ. ರೆಸಾರ್ಟಂತೆ, ಸಮುದ್ರವಂತೆ. ನಮ್ಮ ಮೆಂಬರಮ್ಮನೂ ಹೋದರು. ಆರು ದಿನ ಫೋನು ಬಂದ್. ಆ ಆರು ದಿನದಲ್ಲೇ ಮೂರನೇ ಅಡ್ಡರಸ್ತೆಯ ಮ್ಯಾನ್‌ಹೋಲ್ ಉಕ್ಕಿ, ಬಾಣಂತಿ ಇದ್ದ ಮನೆಯೊಳಕ್ಕೆ ನೀರು ನುಗ್ಗಿತು. ಕಚೇರಿಯ ಸಂಖ್ಯೆಗೆ ಹದಿನಾರು ಸಲ ಫೋನು ಮಾಡಿದೆವು. ಕೊನೆಗೆ ಬೀದಿಯವರೇ ಚಂದಾ ಎತ್ತಿ ಖಾಸಗಿ ಜೆಟ್ಟಿಂಗ್ ಯಂತ್ರದವರನ್ನು ಕರೆಸಿದೆವು. ಬಂದ ಮೇಲೆ ನೇರವಾಗಿಯೇ ಕೇಳಿದೆ. ತಪ್ಪಾಯಿತು ಎನ್ನಲಿಲ್ಲ. "ಹೋಗದಿದ್ದರೆ ಸ್ಥಾಯಿ ಸಮಿತಿಯಲ್ಲಿ ನನಗೆ ಜಾಗ ಸಿಗುತ್ತಿರಲಿಲ್ಲ ಅಕ್ಕ, ಆಮೇಲೆ ಬಿಲ್ಲು ಕೇಳುವವರು ಯಾರು?" ಎಂದರು. ಅದೂ ನಿಜವಿರಬಹುದು. ಸಮಿತಿಯಲ್ಲಿ ಜಾಗವೂ ಸಿಕ್ಕಿತು. ಆದರೆ ಫೋನು ಯಾಕೆ ಬಂದ್ ಮಾಡಬೇಕಿತ್ತು ಎಂಬುದಕ್ಕೆ ಇಂದಿಗೂ ಉತ್ತರ ಬಂದಿಲ್ಲ, ಕಡಿದ ನಕ್ಷತ್ರವನ್ನು ನಾನೂ ಮರಳಿ ಕೊಟ್ಟಿಲ್ಲ.

ಈಗ ಅವಧಿ ಮುಗಿದಿದೆ, ಆಡಳಿತಾಧಿಕಾರಿಯ ಕೈಯಲ್ಲಿದೆ ಊರು. ಗಂಡ ಮತ್ತೆ ಫ್ಲೆಕ್ಸಿನ ಅಂಗಡಿಯ ಕಡೆ ಓಡಾಡುತ್ತಿದ್ದಾರೆ ಎಂಬ ಸುದ್ದಿಯೂ ಇದೆ. ಹೋದ ಶನಿವಾರ ಮೆಂಬರಮ್ಮ ರಾಗಿ ಬೀಸಿಸಲು ಬಂದಿದ್ದರು, ಎಂಟು ಕಿಲೋ. ಸಾಲಿನಲ್ಲಿ ಅವರ ಮುಂದೆ ಐದು ಜನ. ಮುಂದಕ್ಕೆ ಬನ್ನಿ ಎಂದೆ, ಬರಲಿಲ್ಲ. ಹಿಂದೆ ನಿಂತಿದ್ದ ಹುಡುಗ, "ಮೇಡಂ, ನಮ್ಮ ಮನೆ ಹತ್ತಿರ ಲೈಟು ಹೋಗಿ ವಾರವಾಯಿತು" ಎಂದ. "ನಾನೀಗ ಮೆಂಬರಲ್ಲಪ್ಪ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಬದ ಸಂಖ್ಯೆ ನೋಡಿದ್ದೀಯಾ?" ಎಂದರು. ಹುಡುಗ ಚೀಲವನ್ನು ಸಾಲಿನಲ್ಲಿಟ್ಟು ಓಡಿದ.

ಕಿಲೋಗೆ ಆರರಂತೆ ನಲವತ್ತೆಂಟು ರೂಪಾಯಿ. ಐವತ್ತು ಕೊಟ್ಟು, ಎರಡು ರೂಪಾಯಿ ಚಿಲ್ಲರೆಗೆ ನಿಂತರು.