ಎಸಿ-ಡಿಸಿ ಗ್ರಿಡ್‌ನ ಹಾರ್ಮಾನಿಕ್ಸ್: ಮೂರು ಮಾಡೆಲ್ ಹಾಕಿ ನೋಡಿದೆ

ಒಂದು ಕಡೆ 415 ವೋಲ್ಟ್ ಎಸಿ, ಇನ್ನೊಂದು ಕಡೆ 750 ವೋಲ್ಟ್ ಡಿಸಿ. ನಡುವೆ ಎಸಿಯನ್ನು ಡಿಸಿಗೂ ಡಿಸಿಯನ್ನು ಎಸಿಗೂ ಬದಲಿಸುವ, 10 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಕನ್ವರ್ಟರ್. ಎಸಿ ಕಡೆ ಒಂದು ಪಂಪ್ ಡ್ರೈವ್, ಡಿಸಿ ಕಡೆ ಸೋಲಾರ್, ಜೊತೆಗೆ ಚೋಕ್ (ಕರೆಂಟಿನ ಏರಿಳಿತ ತಗ್ಗಿಸುವ ಸುರುಳಿ) ಮೂಲಕ ಸೇರಿಸಿದ ಬ್ಯಾಟರಿ. ಲ್ಯಾಪ್‌ಟಾಪ್‌ನಲ್ಲೇ ಕಟ್ಟಿದ ಪುಟ್ಟ ಗ್ರಿಡ್ ಇದು. ಎಸಿಯ 50 ಹರ್ಟ್ಸ್ ಅಲೆಯ ಜೊತೆ ಬೆರೆಯುವ ಅದರ ಗುಣಕಗಳೇ ಹಾರ್ಮಾನಿಕ್ಸ್, 5ನೇದು ಅಂದರೆ 250 ಹರ್ಟ್ಸ್. ಅವು ಇಲ್ಲಿ ಹೇಗೆ ಓಡಾಡುತ್ತವೆ ಅಂತ ಯಾವ ಮಾಡೆಲ್ ಸರಿಯಾಗಿ ಹೇಳುತ್ತದೆ, ಅದೇ ಪ್ರಶ್ನೆ.

ಮೊದಲು ಹಳೇ ದಾರಿ ಹಿಡಿದೆ, ಕರೆಂಟ್ ಸೋರ್ಸ್ ಮಾಡೆಲ್. ಕನ್ವರ್ಟರನ್ನೇ ತೆಗೆದು, ಆ ಜಾಗದಲ್ಲಿ ಇಷ್ಟು 5ನೇ, ಇಷ್ಟು 7ನೇ ಹಾರ್ಮಾನಿಕ್ ಅಂತ ಕರೆಂಟ್ ಸುರಿಯುವುದು. ಪಂಪ್ ಡ್ರೈವ್‌ನೊಳಗೆ ಇರುವಂಥ, ಎಸಿಯನ್ನು ಡಿಸಿ ಮಾಡುವ ಆರು ಪಲ್ಸ್ ಡಯೋಡ್ ಬ್ರಿಡ್ಜ್‌ಗೆ ಪುಸ್ತಕದ ಅಂಕಿ ಇದೆ: 5ನೇದು ಮೂಲ ಕರೆಂಟಿನ ಶೇ. 20, 7ನೇದು ಶೇ. 14ರ ಹತ್ತಿರ. ಡ್ರೈವ್‌ನಲ್ಲಿ ಚೋಕ್ ಇಲ್ಲದಿದ್ದರೆ ನಿಜವಾದ ಅಂಕಿ ಇನ್ನೂ ಜಾಸ್ತಿ. ಬರೀ ಎಸಿ ಗ್ರಿಡ್ ಆದರೆ, ರೆಸೊನೆನ್ಸ್ (ಸುರುಳಿ, ಕೆಪಾಸಿಟರ್ ಸೇರಿ ಒಂದು ಹಾರ್ಮಾನಿಕ್ಕನ್ನು ಹಿಗ್ಗಿಸುವ ಜಾಗ) ಎಲ್ಲಿದೆ ಅಂತ ಹುಡುಕಲು ಈಗಲೂ ಇಷ್ಟೇ ಸಾಕು. ಕ್ಷಣದಲ್ಲಿ ಉತ್ತರ ಬರುತ್ತದೆ.

ಡಿಸಿ ಸೇರಿದ ಕೂಡಲೇ ಕೈಕೊಟ್ಟಿತು. ಗ್ರಿಡ್ ವೋಲ್ಟೇಜಿಗೆ ಶೇ. 2ರಷ್ಟು 5ನೇ ಹಾರ್ಮಾನಿಕ್ ಬೆರೆಸಿದೆ. ಡಿಸಿ ಕಡೆ ಈ ಮಾಡೆಲ್ ತೋರಿಸಿದ್ದು ಸೊನ್ನೆ. ಅಲ್ಲಿಗೆ ದಾಟುವ ದಾರಿಯೇ ಇದರಲ್ಲಿಲ್ಲ ಅಲ್ವಾ?

ನಂತರ ಒಂದೊಂದು ಸ್ವಿಚ್ಚನ್ನೂ ಬಿಡದೆ ಕ್ಷಣ ಕ್ಷಣದ ಲೆಕ್ಕ ಹಾಕುವ ಟೈಮ್ ಡೊಮೇನ್ ಸಿಮ್ಯುಲೇಷನ್. ಒಂದು ಮೈಕ್ರೊಸೆಕೆಂಡ್ ಹೆಜ್ಜೆ ಇಟ್ಟು ಓಡಲು ಬಿಟ್ಟರೆ ಊಟ ಮುಗಿಸಿ ಬರಬಹುದು. ಅದೇ 250 ಹರ್ಟ್ಸ್ ಡಿಸಿ ಕಡೆ 300 ಆಗಿ ಎದ್ದಿತ್ತು. ಮತ್ತೆ ಎಸಿ ಕಡೆಗೆ 250 ಮತ್ತು 350 ಆಗಿ ವಾಪಸ್ ಬಂದಿತ್ತು. ಕನ್ವರ್ಟರ್ ದಾಟುವಾಗ 50 ಕೂಡುತ್ತದೆ ಇಲ್ಲವೇ ಕಳೆಯುತ್ತದೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ ±500 ಕಿಲೋವೋಲ್ಟ್ ಡಿಸಿ ಲೈನಿನ ಕನ್ವರ್ಟರ್‌ಗಳದ್ದೂ ಇದೇ ಸಂಬಂಧ. ಅವು 12 ಪಲ್ಸ್‌ನವು, ಡಿಸಿ ಕಡೆ 12ನೇದು, ಎಸಿ ಕಡೆ 11 ಮತ್ತು 13.

ಆಮೇಲೆ ಒಂದು ಫೇಸಿನ ವೋಲ್ಟೇಜ್ ಶೇ. 5 ಇಳಿಸಿದೆ. ಕರೆಂಟಿನಲ್ಲಿ 150 ಹರ್ಟ್ಸ್ ಕಾಣಿಸಿತು. ಮೂರು ವೈರಿನ ಕನ್ವರ್ಟರ್‌ನಲ್ಲಿ 3ನೇ ಹಾರ್ಮಾನಿಕ್ಕಾ? ಸಾಮಾನ್ಯವಾಗಿ ಅದು ಮೂರೂ ಫೇಸಿನಲ್ಲಿ ಒಟ್ಟಿಗೇ ಏರಿಳಿಯುತ್ತದೆ, ವಾಪಸ್ ಹೋಗಲು ನ್ಯೂಟ್ರಲ್ ವೈರ್ ಬೇಕು. ವೈರಿಂಗ್ ತಪ್ಪಿದೆ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಮೂರೂ ಫೇಸಿನ ಕೋನ ತೆಗೆದು ನೋಡಿದರೆ, ಅವು ಒಂದೇ ದಿಕ್ಕಿನಲ್ಲಿಲ್ಲ, ಹೆಚ್ಚುಕಡಿಮೆ 120 ಡಿಗ್ರಿ ದೂರದಲ್ಲಿವೆ. ಅನ್‌ಬ್ಯಾಲೆನ್ಸ್‌ನಿಂದ ಡಿಸಿಯಲ್ಲಿ 100 ಹರ್ಟ್ಸ್ ಎದ್ದು, ಎಸಿಗೆ 150 ಆಗಿ ಬಂದದ್ದು ಇದು. ಮಾಮೂಲಿ 3ನೇದನ್ನು ತಡೆಯುವ ಟ್ರಾನ್ಸ್‌ಫಾರ್ಮರ್‌ನ ಡೆಲ್ಟಾ ವೈಂಡಿಂಗ್ (ಮೂರು ಸುರುಳಿಗಳನ್ನು ತ್ರಿಕೋನವಾಗಿ ಜೋಡಿಸಿದ್ದು) ಇದನ್ನು ತಡೆಯುವುದಿಲ್ಲ.

(ಇನ್ನೊಂದು ಎಡವಟ್ಟು: ಗ್ರಿಡ್ 49.9 ಹರ್ಟ್ಸ್ ಇಟ್ಟು, ಎಫ್‌ಎಫ್‌ಟಿ (ಅಲೆಯಲ್ಲಿ ಯಾವ ಯಾವ ಹರ್ಟ್ಸ್ ಇದೆ ಅಂತ ಬಿಡಿಸುವ ಲೆಕ್ಕ) ಕಿಟಕಿಯನ್ನು 200 ಮಿಲಿಸೆಕೆಂಡಿಗೇ ಬಿಟ್ಟಿದ್ದೆ. ಅದರಲ್ಲಿ ಪೂರ್ತಿ ಅಲೆಗಳು ಸರಿಯಾಗಿ ಹಿಡಿಸಲಿಲ್ಲ. ಇಲ್ಲದ ಹಾರ್ಮಾನಿಕ್ಕೆಲ್ಲ ಬಂದು ಕೂತಿದ್ದವು.)

ಮೂರನೆಯದು ಹಾರ್ಮಾನಿಕ್ ಸ್ಟೇಟ್ ಸ್ಪೇಸ್. ಎಸಿಯ ಯಾವ ಹಾರ್ಮಾನಿಕ್ ಡಿಸಿಯಲ್ಲಿ ಯಾವುದನ್ನು ಎಬ್ಬಿಸುತ್ತದೆ ಎಂಬುದೆಲ್ಲ ಒಂದೇ ಮ್ಯಾಟ್ರಿಕ್ಸಿನಲ್ಲಿ. 13ನೇದರವರೆಗೆ ಇಟ್ಟುಕೊಂಡರೆ ಒಂದೊಂದು ವೇರಿಯಬಲ್‌ಗೂ 27 ಸಾಲು. ಕಟ್ಟುವುದು ಬೇಜಾರಿನ ಕೆಲಸ, ಒಂದು ಚಿಹ್ನೆ ತಪ್ಪಿದರೂ ಮುಗೀತು. ಆದರೆ ನನಗೆ ಇಷ್ಟವಾದದ್ದು ಇದೇ. ಡಿಸಿ ಕೆಪಾಸಿಟರ್‌ನ ಐವತ್ತು ಬೆಲೆಗಳನ್ನು ಕೆಲವೇ ಸೆಕೆಂಡಿನಲ್ಲಿ ಓಡಿಸಿದೆ. 1 ಮಿಲಿಫ್ಯಾರಡ್ ಬಳಿ ಎಸಿಯ 7ನೇ ಹಾರ್ಮಾನಿಕ್ ಧುತ್ತೆಂದು ಏರಿತು. ಬ್ಯಾಟರಿಯ 0.28 ಮಿಲಿಹೆನ್ರಿ ಚೋಕ್ ಮತ್ತು ಆ ಕೆಪಾಸಿಟರ್ ಸೇರಿದರೆ ರೆಸೊನೆನ್ಸ್ 300 ಹರ್ಟ್ಸ್‌ಗೇ ಬೀಳುತ್ತದೆ. ಎಸಿ ಕಡೆ 350ರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುತ್ತಿರಲಿಲ್ಲ, ಅದು ಕೂತಿದ್ದು ಆಚೆ ಕಡೆ.

ಕಣ್ಣುಮುಚ್ಚಿ ನಂಬುವಂತಿಲ್ಲ. ಲೋಡ್ ತುಂಬಾ ಬದಲಾದರೆ ಮ್ಯಾಟ್ರಿಕ್ಸ್ ಹೊಸದಾಗಿ ಕಟ್ಟಬೇಕು. ಕನ್ವರ್ಟರ್ ಕರೆಂಟ್ ಲಿಮಿಟ್ ಮುಟ್ಟಿದ್ದು ಇದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಅನುಮಾನ ಬಂದ ಎರಡು ಮೂರು ಬಿಂದುಗಳನ್ನು ಟೈಮ್ ಡೊಮೇನ್‌ನಲ್ಲಿ ಮತ್ತೆ ಓಡಿಸಿದೆ. 5 ಮತ್ತು 7 ತಾಳೆಯಾದವು, 3 ಮಾತ್ರ ಆಗಲಿಲ್ಲ. ಗ್ರಿಡ್ಡಿನ ಕೋನ ಹಿಡಿದು ಕನ್ವರ್ಟರನ್ನು ಅದಕ್ಕೆ ಹೊಂದಿಸುವ ಪಿಎಲ್‌ಎಲ್ಲನ್ನು ಸುಮ್ನೆ ಯಾಕೆ ಅಂತ ಮ್ಯಾಟ್ರಿಕ್ಸಿನಿಂದ ಬಿಟ್ಟಿದ್ದೆ. ಸೇರಿಸಿದ ಮೇಲೆ ಅದೂ ಕೂತಿತು.